ಮೇಣದೊಳಗಿನ ಹೆಸರು

"ಈ ರಕ್ತನಾಳಗಳು ಸುಮಿತಾಳವಲ್ಲ."

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಡಾಕ್ಟರ್ ಸುಜಯ ಹೇಳಿದರು. ಅದೇ ಉಪಕರಣಕ್ಕೆ ಎದುರಿನಿಂದ ನೋಡಲು ಇನ್ನೊಂದು ಜೋಡಿ ಮಸೂರವಿತ್ತು. ಸಬ್ ಇನ್ಸ್‌ಪೆಕ್ಟರ್ ನಾಗಶ್ರೀ ಅದಕ್ಕೆ ಕಣ್ಣಿಟ್ಟಳು. ತಿಳಿನೀಲಿ ಬಯಲಿನ ನಡುವೆ ಕಂದು ಬಣ್ಣದ ಪುಟ್ಟ ಪುಟ್ಟ ಉಂಗುರಗಳು ಕಂಡವು.

"ಬಿಡಿಸಿ ಹೇಳಿ, ಡಾಕ್ಟರೇ."

"ಸುಮಿತಾಳ ರಕ್ತದ ಗುಂಪು ಓ. ಗುಂಪಿನ ಗುರುತು ರಕ್ತದಲ್ಲಷ್ಟೇ ಅಲ್ಲ, ರಕ್ತನಾಳದ ಒಳಗೋಡೆಯಲ್ಲೂ ಇರುತ್ತದೆ. ಮೇಣದಲ್ಲಿ ವರ್ಷಗಟ್ಟಲೆ ಹುದುಗಿಸಿಟ್ಟರೂ ಉಳಿದಿರುತ್ತದೆ. ಎ ಗುಂಪಿನ ಗುರುತನ್ನು ಮಾತ್ರ ಹಿಡಿಯುವ ಬಣ್ಣವನ್ನು ಇದಕ್ಕೆ ಹಾಕಿದ್ದೇನೆ. ಓ ಗುಂಪಿನವಳ ತುಣುಕಾಗಿದ್ದರೆ ಇಲ್ಲಿ ಒಂದು ಉಂಗುರವೂ ಮೂಡಬಾರದಿತ್ತು."

ನಾಗಶ್ರೀ ತಲೆಯಾಡಿಸಲಿಲ್ಲ. ಪೂರ್ತಿ ಅರ್ಥವಾಗದೆ ತಲೆಯಾಡಿಸುವುದು ಅವಳ ಜಾಯಮಾನವಲ್ಲ.

ಕಾರವಾರದ ಈ ಪ್ರಯೋಗಾಲಯದಿಂದ ಕಳುವಾಗಿದ್ದುದು ಒಂದೇ ಒಂದು ಮೇಣದ ಅಚ್ಚು. ಮಾದರಿಗಳನ್ನು ಸಾಗಿಸುವ ವ್ಯಾನಿನ ಚಾಲಕ ರಾಜೇಶ ಅದನ್ನು ಕದ್ದು, ನಿನ್ನೆಯಿಂದ ಠಾಣೆಯಲ್ಲಿ ಕುಳಿತಿದ್ದ. 'ತೆಗ್ದದ್ದು ನಾನೇ' ಎಂಬ ಮಾತಿನಾಚೆ ಅವನ ತುಟಿ ಬಿಚ್ಚಿರಲಿಲ್ಲ. ಅಚ್ಚಿನಲ್ಲಿದ್ದುದು ಅವನ ಹೆಂಡತಿ ಸುಮಿತಾಳ ಅಂಡಾಶಯದಿಂದ ತೆಗೆದ ಗಡ್ಡೆಯ ತುಣುಕೆಂದು ಎಲ್ಲರೂ ನಂಬಿದ್ದರು. ಆ ತುಣುಕನ್ನೇ ನೆಚ್ಚಿ ನಾಳೆ ಬೆಳಿಗ್ಗೆ ಅವಳ ಎರಡೂ ಅಂಡಾಶಯಗಳನ್ನೂ ಗರ್ಭಕೋಶವನ್ನೂ ತೆಗೆಯಲಿದ್ದರು. ಸುಮಿತಾಳಿಗೆ ಇಪ್ಪತ್ತಾರು ವರ್ಷ. ಮಕ್ಕಳಾಗಿರಲಿಲ್ಲ.

"ಅಚ್ಚೇ ಕಳುವಾದ ಮೇಲೆ ನಿಮಗೆ ಈ ತುಣುಕು ಎಲ್ಲಿಂದ ಸಿಕ್ಕಿತು?"

"ಅಚ್ಚಿನಿಂದ ಮೊದಲೇ ಕೊಯ್ದ ಒಂದು ಪದರ ಗಾಜಿನ ಮೇಲೆ ಬಣ್ಣ ಹಾಕದೆ ಉಳಿದಿತ್ತು. ರಾಜೇಶನಿಗೆ ಅಚ್ಚು ಗೊತ್ತು. ಗಾಜಿನ ಸಂಗತಿ ಗೊತ್ತಿರಲಿಲ್ಲ."

ಸುಜಯ ಮೇಜಿನ ಮೇಲೆ ಇನ್ನೆರಡು ಗಾಜುಗಳನ್ನು ಅಕ್ಕಪಕ್ಕ ಇಟ್ಟರು. ಒಂದು ಕಳುವಾದ ಅಚ್ಚಿನಿಂದ ಕೊಯ್ದದ್ದು, 2003ರದು; ಇನ್ನೊಂದು 2007ರದು. ತುಮಕೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಈ ಮನುಷ್ಯ ಪೆನ್ನನ್ನು ಕೂಡ ಮೇಜಿನ ಅಂಚಿಗೆ ಸಮಾನಾಂತರವಾಗಿ ಇಡುತ್ತಿದ್ದರು. ಇಂದು ಮಾತ್ರ ಆ ಪೆನ್ನು ಓರೆಯಾಗಿ ಬಿದ್ದಿತ್ತು.

"ಗರ್ಭಕೋಶದ ಒಳಪದರದಂಥದೇ ಅಂಗಾಂಶ ಕೆಲವರಲ್ಲಿ ಹೊರಗೆ, ಅಂಡಾಶಯದ ಮೇಲೆ, ಬೆಳೆಯುತ್ತದೆ. ತಿಂಗಳು ತಿಂಗಳು ಅಲ್ಲೂ ರಕ್ತ ಒಸರಿ, ಹೊರಗೆ ಹೋಗಲು ದಾರಿಯಿಲ್ಲದೆ ಹೆಪ್ಪುಗಟ್ಟಿ ಕಂದು ಗಡ್ಡೆಯಾಗುತ್ತದೆ. ಚಾಕೊಲೇಟ್ ಸಿಸ್ಟ್ ಎನ್ನುವುದು ಇದನ್ನೇ. ನೋವು ವಿಪರೀತ. ಆದರೆ ಅದು ಕ್ಯಾನ್ಸರ್ ಅಲ್ಲ. ನೂರು ಮಂದಿಯಲ್ಲಿ ಒಬ್ಬಳಿಗೆ ಮುಂದೆ ಕ್ಯಾನ್ಸರಿಗೆ ತಿರುಗಿಕೊಂಡರೆ ಹೆಚ್ಚು."

"ಆ ಒಬ್ಬಳು ಯಾರೆಂದು ಮೊದಲೇ ತಿಳಿಯಬಹುದೇ ಎನ್ನುವುದು ನಿಮ್ಮ ಸಂಶೋಧನೆ."

"ಹೌದು. ಪಿ-ಟೆನ್ ಎಂಬ ಪ್ರೋಟೀನು ಕೋಶಗಳಿಗೆ ಕಡಿವಾಣವಿದ್ದಂತೆ. ಅದು ಇದ್ದಲ್ಲಿ ಬಣ್ಣ ಹಿಡಿಯುತ್ತದೆ, ಕಳಚಿಹೋದಲ್ಲಿ ಬಿಳಿಚಿಕೊಳ್ಳುತ್ತದೆ. 2007ರ ಗಾಜು ನೋಡಿ, ಎಲ್ಲ ಕಡೆ ಬಣ್ಣವಿದೆ. 2003ರದರಲ್ಲಿ ಒಳಪದರ ಪೂರ್ತಿ ಬಿಳಿಚಿಕೊಂಡಿದೆ. ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅಲ್ಲಿನ ಕೋಶಗಳ ಆಕಾರವೂ ಕೆಟ್ಟಿದೆ. ಎರಡೂ ಸೇರಿದಾಗ ಆ ಹೆಂಗಸನ್ನು ಕಣ್ಣಿಟ್ಟು ಕಾಯಬೇಕು."

"ಕಾಯಬೇಕು ಎಂದಿರಿ. ಕೊಯ್ಯಬೇಕು ಎನ್ನಲಿಲ್ಲ."

"ನಾನು ಬರೆದು ಕಳಿಸಿದ್ದೂ ಅದನ್ನೇ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ಎಂದು. ಸುಮಿತಾಳನ್ನು ನೋಡುತ್ತಿರುವ ನರ್ಸಿಂಗ್ ಹೋಮಿನ ಡಾಕ್ಟರ್ ನೀತಾ ನಕ್ಕರು. ಹಟ್ಟಿಕೇರಿಯ ಗದ್ದೆಯಿಂದ ಆರು ತಿಂಗಳಿಗೊಮ್ಮೆ ಯಾರು ಬರುತ್ತಾರೆ, ತೆಗೆದೇಬಿಡುವುದು ಕ್ಷೇಮ ಅಂದರು."

"2003ರ ಅಚ್ಚಿಗೆ ಬೇರೆಯವರ ಹೆಸರು ಅಂಟಿರಬಹುದಲ್ಲವೇ?"

"ಆಗದು. ಆಗೆಲ್ಲ ಪೆನ್ಸಿಲಿನಲ್ಲಿ ಹೆಸರು ಬರೆದ ಚೀಟಿಯನ್ನು ಬಿಸಿ ಮೇಣದಲ್ಲೇ ತುಣುಕಿನ ಜೊತೆ ಮುಳುಗಿಸುತ್ತಿದ್ದರು. ಮೇಣ ಕರಗಿಸದೆ ಅದನ್ನು ಬದಲಿಸಲಾಗದು. ಸುಮಿತಾ, ರಾಮಾ ನಾಯ್ಕರ ಮನೆ, ಹಟ್ಟಿಕೇರಿ. 2007ರದರ ಮೇಲೂ ಅದೇ. ಹೆಸರು ಒಂದೇ, ಮನೆ ಒಂದೇ, ವಯಸ್ಸೂ ಹೊಂದುತ್ತಿತ್ತು. ಒಬ್ಬಳಿಗೇ ಎರಡು ಸಲ ಶಸ್ತ್ರಚಿಕಿತ್ಸೆ ಆಗಿದೆ ಎಂದು ಎರಡನ್ನೂ ಒಂದೇ ಸಂಖ್ಯೆಗೆ ಸೇರಿಸಿದವನು ನಾನೇ." ಸುಜಯ ಕನ್ನಡಕ ತೆಗೆದು ಒರೆಸಿದರು. "ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ಹೆಸರು ಯಾರು ಇಡುತ್ತಾರೆ, ಹೇಳಿ!"

ನಾಗಶ್ರೀ ಅಲ್ಲಿಂದಲೇ ಡಾಕ್ಟರ್ ನೀತಾರಿಗೆ ಫೋನ್ ಮಾಡಿದಳು. ಅತ್ತ ಕಡೆಯ ದನಿಯಲ್ಲಿ ಏರಿಳಿತವಿರಲಿಲ್ಲ.

"ಹಳೆಯ ಮೇಣದಲ್ಲಿ ಬಣ್ಣ ಸುಳ್ಳು ಹೇಳುವುದುಂಟು, ಇನ್ಸ್‌ಪೆಕ್ಟರ್. ಅಚ್ಚಿದ್ದಿದ್ದರೆ ಮತ್ತೆ ಪರೀಕ್ಷಿಸಬಹುದಿತ್ತು. ಅದನ್ನು ಅವಳ ಗಂಡನೇ ಕದ್ದ. ಈಗ ಕಾಯುವುದಕ್ಕೆ ನನ್ನ ಬಳಿ ಆಧಾರವೇ ಉಳಿದಿಲ್ಲ. ನೀವು ಇನ್ನೊಬ್ಬ ಸುಮಿತಾಳನ್ನು ತೋರಿಸಿ, ನಾಳಿನ ಆಪರೇಷನ್ ನಿಲ್ಲಿಸುತ್ತೇನೆ. ತೋರಿಸಲಾಗದಿದ್ದರೆ ನನ್ನ ಕೆಲಸಕ್ಕೆ ಅಡ್ಡ ಬರಬೇಡಿ."

ಫೋನ್ ಕಟ್ಟಾಯಿತು.

ಜೀಪು ಬಿಣಗಾ ದಾಟಿ, ನೌಕಾನೆಲೆಯ ಗೋಡೆಗುಂಟ ದಕ್ಷಿಣಕ್ಕೆ ಓಡಿತು. ಮೇ ತಿಂಗಳ ಬಿಸಿಲು ರಸ್ತೆಯ ಮೇಲೆ ನೀರಿನಂತೆ ಹೊಳೆಯುತ್ತಿತ್ತು. ಜೀಪು ಓಡಿಸುತ್ತಿದ್ದ ಕಾನ್‌ಸ್ಟೇಬಲ್ ಸೋಮನಿಗೆ ಬಾಯಿ ಕಟ್ಟಿ ಗೊತ್ತಿಲ್ಲ.

"ಮೇಡಂ, ಮನಶ್ಯನ ತುಂಡನ್ನ ಮೇಣದಾಗೆ ಹಾಕಿ ಇಡ್ತ್ರು ಅಂದ್ರೆ, ಅದು ಕೊಳೆಯೂದಿಲ್ವ?"

"ಇಲ್ಲ."

"ನಮ್ಮನೇಲಿ ಮಾವಿನಮಿಡಿ ಉಪ್ಪಿನಕಾಯಿಗೆ ನಮ್ಮವ್ವ ಮೇಲೊಂದು ಪದರ ಎಣ್ಣೆ ಬಿಡ್ತದೆ. ಆದ್ರೂ ಮಳೆಗಾಲ್ದಾಗೆ ಬೂಷ್ಟು ಬತ್ತದೆ."

"ನಿಮ್ಮವ್ವನನ್ನು ಪ್ರಯೋಗಾಲಯಕ್ಕೆ ಕಳಿಸು, ಕಲಿತು ಬರಲಿ."

"ಬ್ಯಾಡ ಮೇಡಂ, ಆ ಡಾಕ್ಟ್ರಿಗೇ ಉಪ್ಪು ಸಾಲ್ಲಿಲ್ಲ ಅಂತ ಹೇಳಿ ಬತ್ತದೆ."

ನಾಗಶ್ರೀಯ ತುಟಿಯಂಚು ಸ್ವಲ್ಪ ಸಡಿಲವಾಯಿತು, ಅಷ್ಟೇ. ಅವಳ ಮನಸ್ಸು ಒಂದೇ ಪ್ರಶ್ನೆಯ ಸುತ್ತ ಗಾಣದೆತ್ತಿನಂತೆ ತಿರುಗುತ್ತಿತ್ತು. ಹೆಂಡತಿಯನ್ನು ಉಳಿಸಬೇಕೆಂದು ಅಚ್ಚು ಕದ್ದವನು ಅದನ್ನು ಪೊಲೀಸರ ಕೈಗೆ ಕೊಡಲು ಏಕೆ ಒಲ್ಲ? ಕೊಟ್ಟರೆ ಮರುಪರೀಕ್ಷೆ ನಡೆಯುತ್ತದೆ, ಹೆಂಡತಿ ಉಳಿಯುತ್ತಾಳೆ. ಹಾಗಾದರೆ ಅವನು ಉಳಿಸಲು ಹೊರಟಿದ್ದುದು ಹೆಂಡತಿಯನ್ನು ಮಾತ್ರವಲ್ಲ.

ರಾಮಾ ನಾಯ್ಕರ ಮನೆ ಹಟ್ಟಿಕೇರಿಯ ಹೆದ್ದಾರಿಯಿಂದ ಒಳಕ್ಕೆ, ಗದ್ದೆಯ ಅಂಚಿಗಿತ್ತು. ರಾಮಾ ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದರೂ ಊರಿನವರು ಇನ್ನೂ ಅವರ ಹೆಸರಿನಿಂದಲೇ ಮನೆಯನ್ನು ಗುರುತಿಸುತ್ತಿದ್ದರು. ಜಗಲಿಯಲ್ಲಿ ಒಣಹುಲ್ಲಿನ ಮೇಲೆ ಇಶಾಡು ಮಾವಿನಹಣ್ಣುಗಳನ್ನು ಹರಡಲಾಗಿತ್ತು. ರಾಮಾರ ಹೆಂಡತಿ, ರಾಜೇಶನ ತಾಯಿ ಬೊಮ್ಮಿ ಒಂದೊಂದನ್ನೇ ಎತ್ತಿ, ತೊಟ್ಟು ಮೂಸಿ, ಹಣ್ಣು ಕಾಯಿ ಬೇರ್ಪಡಿಸುತ್ತಿದ್ದಳು. ಪೊಲೀಸರನ್ನು ಕಂಡು ಏಳಲಿಲ್ಲ.

"ಬಾ ತಂಗಿ, ಕೂತ್ಕ. ಮಗನ್ನ ಹಿಡ್ಕಂಡಿ ಹೋಗಿದ್ದಾಯ್ತು. ಈಗ ಯಾರನ್ನ ಹಿಡಿಯೂಕೆ ಬಂದೆ?"

"ಯಾರನ್ನೂ ಅಲ್ಲ, ಬೊಮ್ಮಕ್ಕ. ಸೊಸೆಯನ್ನು ಒಂದು ಮಾತು ಕೇಳಬೇಕಿತ್ತು."

ಸುಮಿತಾ ಒಳಗಿನಿಂದ ನೀರಿನ ತಂಬಿಗೆ, ಬೆಲ್ಲದ ತುಂಡು ತಂದಿಟ್ಟಳು. ತೆಳ್ಳಗಿನ ಮೈ. ಹೊಸಿಲು ದಾಟುವಾಗ ಒಂದು ಕೈ ತಾನಾಗಿಯೇ ಹೊಟ್ಟೆಯ ಬಲಬದಿಯನ್ನು ಒತ್ತಿಕೊಂಡಿತು. ನಾಳೆ ಆಸ್ಪತ್ರೆಗೆ ಒಯ್ಯುವ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು.

"ನಿನಗೆ ಎಷ್ಟು ಸಲ ಆಪರೇಷನ್ ಆಗಿದೆ, ಸುಮಿತಾ?"

"ಒಂದೇ ಸಲ ಮೇಡಂ. ಹೋದ ವರ್ಷ."

"ಡಾಕ್ಟರ್ ನೀತಾ ಅದನ್ನು ಕೇಳಲಿಲ್ಲವೇ?"

"ಹಳೇ ಆಪರೇಷನ್ನಿನ ತುಂಡಿನಾಗೆ ಕೆಟ್ಟ ಗುರ್ತು ಅದೆ ಅಂದ್ರು. ಹೋದ ವರ್ಷದ್ದು ಹಳೇದೇ ಅಲ್ದ?"

ಬೊಮ್ಮಿ ಕೈಯಲ್ಲಿದ್ದ ಮಾವನ್ನು ಕೆಳಗಿಟ್ಟಳು. ಹಣ್ಣಿನ ರಾಶಿಗಲ್ಲ, ಕಾಯಿಯ ರಾಶಿಗೂ ಅಲ್ಲ, ನಡುವೆ.

"ಅವ್ಳಿಗೆ ನೆಪ್ಪಿರೂದಿಲ್ಲ ತಂಗಿ. ನೋವಿನಾಗೆ ಎಂತ ನೆಪ್ಪಿರ್ತದೆ?"

"ಆಪರೇಷನ್ ಆದದ್ದು ಮರೆಯುವಂಥದ್ದೇ ಬೊಮ್ಮಕ್ಕ?" ನಾಗಶ್ರೀ ಬೆಲ್ಲ ಮುಟ್ಟಲಿಲ್ಲ. "ಈ ಮನೆಯಲ್ಲಿ ಇನ್ನೊಬ್ಬ ಸುಮಿತಾ ಇದ್ದಾಳೆಯೇ?"

"ನಮ್ಮನೇಲಿ ಒಬ್ಳೇ ಸುಮಿತಾ. ಬೇಕಾದ್ರೆ ಅಕ್ಕಪಕ್ಕ ಕೇಳು. ಊರಿಗೆ ಊರೇ ಹೇಳ್ತದೆ."

ಆ ಮಾತಿನಲ್ಲಿ ಸುಳ್ಳಿನ ಸುಳಿವಿರಲಿಲ್ಲ. ಸುಳ್ಳು ಹೇಳುವವರು ಸಾಕ್ಷಿಗೆ ಊರನ್ನು ಕರೆಯುವುದಿಲ್ಲ. ನಾಗಶ್ರೀ ಒಂದು ಕ್ಷಣ ದಾರಿಗಾಣದೆ ಕುಳಿತಳು. ಅಷ್ಟರಲ್ಲಿ ಬೇಲಿಯ ದಣಪೆಯಾಚೆಯಿಂದ ಯಾರೋ ಕೂಗಿದರು.

"ಮಂಜೀ! ಏ ಮಂಜೀ! ಈ ಹಲಸಿನಹಣ್ಣು ಇಳಸೂಕೆ ಒಂದು ಕೈ ಕೊಡೇ. ಬಸ್ಸಿನಾಗೆ ಇದ್ಕೂ ಟಿಕೀಟು ಕೇಳ್ದ, ಆ ಕಂಡಕ್ಟ್ರು. ಇದು ಕಿಟಕಿ ಬದಿಗೆ ಕೂತ್ಕಂತದ ಅಂತ ಕೇಳ್ದೆ."

ಹೆಗಲ ಮೇಲೆ ಹಲಸು ಹೊತ್ತು, ಬೆವರಿನಲ್ಲಿ ತೊಯ್ದು ಬಂದವನು ಸುಮಿತಾಳ ಅಣ್ಣ ಜಟ್ಟ. ಹಿಲ್ಲೂರಿನ ಕೂಲಿಯಾಳು. ನಾಳೆ ತಂಗಿಯ ಜೊತೆಗಿರಲೆಂದು ಕೆಲಸ ಬಿಟ್ಟು ಬಂದಿದ್ದ. ಸುಮಿತಾ ಮೆಟ್ಟಿಲಿಳಿದು ಓಡಿದಳು.

"ಈ ಮನೇಲಿ ಮಂಜಿ ಇಲ್ಲ ಅಂತ ಎಷ್ಟು ಸಲ ಹೇಳೂದು, ಜಟ್ಟ?" ಬೊಮ್ಮಿಯ ದನಿ ಚುರುಕಾಯಿತು.

"ನಿಮ್ಗೆ ಸುಮಿತಾ. ನಾ ಎತ್ತಿ ಆಡ್ಸಿದ್ದು ಮಂಜೀನ. ನನ್ನ ಬಾಯಿಗೆ ಬೇರೆ ಬರೂದಿಲ್ಲ," ಎಂದ ಜಟ್ಟ, ಖಾಕಿ ಉಡುಪನ್ನು ಕಂಡು ನಾಲಿಗೆ ಕಚ್ಚಿಕೊಂಡ.

ನಾಗಶ್ರೀ ಜಟ್ಟನತ್ತ ತಿರುಗಿದಳು.

ಅವಳ ಸ್ವಂತ ತಾಯಿಗೂ ಒಂದು ಹಳೆಯ ಹೆಸರಿತ್ತು. ಅದನ್ನು ಅವಳು ಸೋದರಮಾವನ ಬಾಯಲ್ಲಿ ಮಾತ್ರ ಕೇಳಿದ್ದಳು. ಈ ಕರಾವಳಿಯ ಎಷ್ಟೋ ಮನೆಗಳಲ್ಲಿ ಹೆಣ್ಣು ಗಂಡನ ಮನೆ ಹೊಕ್ಕ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗ ತನ್ನ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ಓದಿದ ಮೇಲೆ ಆ ಅಕ್ಕಿ ಅನ್ನವಾಗುತ್ತದೆ. ಹಳೆಯ ಹೆಸರು ತವರಿನ ಹೊಸಿಲಿನಾಚೆಯೇ ಉಳಿಯುತ್ತದೆ. ಕಾರವಾರದಲ್ಲೇ ಹುಟ್ಟಿ ಬೆಳೆದ ತನಗೆ ಇದು ಹೊಳೆಯಬೇಕಿತ್ತು. ತುಮಕೂರಿನ ಡಾಕ್ಟರನ್ನು ದೂರಿ ಪ್ರಯೋಜನವಿಲ್ಲ. ಅಂಗೈಯ ಗೆರೆಯನ್ನು ಯಾರೂ ದಿನವೂ ಓದುವುದಿಲ್ಲ.

"ಜಟ್ಟಣ್ಣ, ಸ್ವಲ್ಪ ಹೊತ್ತು ಸೋಮನ ಜೊತೆ ಬಾವಿಕಟ್ಟೆಯ ಹತ್ತಿರ ಕುಳಿತಿರಿ," ಎಂದಳು. ಬಳಿಕ ಸುಮಿತಾಳತ್ತ ತಿರುಗಿದಳು. "ಸುಮಿತಾ ಎಂಬ ಹೆಸರನ್ನು ಆರಿಸಿದ್ದು ಯಾರು? ರಾಜೇಶನೇ?"

"ಬರ್ದದ್ದು ಅವ್ರು. ಆರ್ಸಿದ್ದು ಅತ್ತೆ. ಈ ಹೆಸ್ರೇ ಆಗ್ಬೇಕು ಅಂತ ಹಟ ಹಿಡಿದಿದ್ರು." ಸುಮಿತಾ ಸಣ್ಣಗೆ ನಕ್ಕಳು. "ಅಷ್ಟು ಪಿರೂತಿ."

"ಅಣ್ಣನಿಗೆ ಕುಡಿಯಲು ಏನಾದರೂ ಮಾಡಿಕೊಡು, ಹೋಗು."

ಅವಳು ಒಳಗೆ ಹೋದಳು. ಬೊಮ್ಮಿ ಮತ್ತೆ ಮಾವನ್ನು ಎತ್ತಿಕೊಂಡಳು. ಆದರೆ ಈಗ ತೊಟ್ಟು ಮೂಸುತ್ತಿರಲಿಲ್ಲ.

"ಬೊಮ್ಮಕ್ಕ, ನಿಮಗೆ ಒಬ್ಬ ಮಗಳಿದ್ದಾಳೆ, ಅಲ್ಲವೇ?"

"ಅದೆ. ಚಿತ್ತಾಕುಲಕ್ಕೆ ಕೊಟ್ಟದ್ದು."

"ಹೆಸರು?"

"ಹೀರಾ."

"ಅದು ಚಿತ್ತಾಕುಲದವರು ಅಕ್ಕಿಯಲ್ಲಿ ಬರೆದ ಹೆಸರು. ನೀವು ತೊಟ್ಟಿಲಲ್ಲಿ ಹಾಕಿ ಕರೆದ ಹೆಸರು ಯಾವುದು?"

ಬೊಮ್ಮಿ ತಲೆಯೆತ್ತಿ ಅವಳ ಮುಖವನ್ನೇ ನೋಡಿದಳು.

"ನೀ ನಮ್ಮ ಕಡೆಯವ್ಳೇ, ಅಲ್ದ?" ಎಂದಳು. "ಬೇರೆ ಕಡೆಯ ಪೊಲೀಸ್ರಾಗಿದ್ರೆ ಇದು ಕೇಳ್ತಿರ್ಲಿಲ್ಲ."

"ಮಗಳು ಹೋದ ಮೇಲೆ ಅವಳ ಹೆಸರನ್ನು ಸೊಸೆಗೆ ಇಟ್ಟಿರಿ."

"ಅವ್ಳು ಹೋದ್ಮೇಲೆ ಮನೇಲಿ ಆ ಹೆಸ್ರು ಕರಿಯೂಕೆ ಯಾರೂ ಇರ್ಲಿಲ್ಲ. ಮೂರು ವರ್ಷ ಬಾಯಿ ಕಟ್ಕಂಡಿ ಇದ್ದೆ. ಬೈಗಾದ್ರೆ 'ಸುಮಿತಾ, ದೀಪ ಹಚ್ಚೇ' ಅನ್ನೂಕೆ ಬಾಯಿ ಬತ್ತದೆ, ಓಗೊಡೂಕೆ ಹುಡ್ಗಿ ಇಲ್ಲ. ಸೊಸೆ ಬಂದ ದಿವ್ಸ ಇಟ್ಟೆ. ತಪ್ಪಾ ತಂಗಿ?"

"ಅದು ತಪ್ಪಲ್ಲ." ನಾಗಶ್ರೀಯ ದನಿ ಒಂದೇ ಮಟ್ಟದಲ್ಲಿತ್ತು. "2003ರಲ್ಲಿ ಆಪರೇಷನ್ ಆದದ್ದು ನಿಮ್ಮ ಮಗಳಿಗೆ. ಮದುವೆಗೆ ಮೊದಲು."

"ಮದ್ವಿಗೆ ಆರು ತಿಂಗ್ಳು ಮೊದ್ಲು. ಬಲಗಡೀದು ತೆಗ್ದೇಬಿಟ್ರು. ಅದನ್ನ ಹೇಳಿದ್ರೆ ಯಾರು ಒಪ್ತಿದ್ರು? ಹೊಟ್ಟೆನೋವು, ಅಪೆಂಡಿಸ್ ಅಂದ್ವಿ."

"ಡಾಕ್ಟರ್ ನೀತಾ 'ಹಳೇ ಆಪರೇಷನ್' ಎಂದಾಗ ನೀವು ಪಕ್ಕದಲ್ಲೇ ಕುಳಿತಿದ್ದಿರಿ. ಆ ತುಂಡು ಯಾರದೆಂದು ನಿಮಗೆ ಕೂಡಲೇ ತಿಳಿಯಿತು."

"ತಿಳೀತು."

"ಬಾಯಿ ಬಿಡಲಿಲ್ಲ."

"ರಾಜೇಶಗೆ ಹೇಳ್ದೆ. ತುಂಡೇ ಇಲ್ದಿದ್ರೆ ಆಪರೇಷನ್ನೂ ನಿಲ್ತದೆ, ತಂಗಿ ಸಂಸಾರಾನೂ ಉಳೀತದೆ, ತಕ್ಕಂಡಿ ಬಾ ಅಂದೆ. ತಂದ. ನಾ ಒಲೆಗೆ ಹಾಕ್ದೆ." ಬೊಮ್ಮಿ ಅಂಗೈ ತೆರೆದು ತೋರಿಸಿದಳು, ಅಲ್ಲೇನೋ ಉಳಿದಿದೆಯೋ ಎಂಬಂತೆ. "ಮೇಣ ಅಲ್ದ, ಚೊಲೊ ಉರೀತು."

"ಆದರೆ ಆಪರೇಷನ್ ನಿಲ್ಲಲಿಲ್ಲ."

"ಡಾಕ್ಟ್ರೇ ನಿಲ್ಸಿಲ್ಲ. ನಾ ಎಂತ ಮಾಡ್ಲಿ?"

"ಒಂದು ಮಾತು ಹೇಳಬಹುದಿತ್ತು. ಇದು ನನ್ನ ಸೊಸೆಯದಲ್ಲ ಎಂದು."

"ಹೇಳಿದ್ರೆ ಮತ್ಯಾರದು ಅಂತ ಕೇಳ್ತ್ರು!" ಬೊಮ್ಮಿಯ ಕೈಯಲ್ಲಿ ಮಾವು ಹಿಚುಕಿಹೋಗಿ ರಸ ಬೆರಳ ಸಂದಿಯಿಂದ ಇಳಿಯಿತು. "ಇವ್ಳಿಗೆ ಹೆಂಗೂ ತಿಂಗ್ಳು ತಿಂಗ್ಳು ನೋವು, ಅಂಗಾತ ಬಿದ್ಕಂಡಿ ಹೊರಳಾಡ್ತದೆ. ತೆಗ್ದ್ರೆ ನೋವಾದ್ರೂ ಹೋಗ್ತದೆ ಅಂದ್ಕಂಡೆ."

"ಅತ್ತೇ."

ಸುಮಿತಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಣ್ಣನಿಗೆಂದು ಮಾಡಿದ ಪುನರ್ಪುಳಿ ಪಾನಕದ ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಲೋಟವನ್ನು ಬಹಳ ಜಾಗ್ರತೆಯಿಂದ ಜಗಲಿಯ ಕಟ್ಟೆಯ ಮೇಲೆ ಇಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ.

"ನಿನ್ನೆ ನನ್ನ ತಲೆಗೆ ಎಣ್ಣೆ ಹಚ್ಚಿ ಹೇಳಿದ್ರಲ್ಲ ಅತ್ತೆ. ಮಗು ಇಲ್ದಿದ್ರೆ ಇಲ್ಲ, ನೀನೇ ನಂಗೆ ಮಗು ಅಂತ. ಅವಾಗ್ಲೂ ಗೊತ್ತಿತ್ತಾ?"

ಬೊಮ್ಮಿ ಬೆರಳಿನ ರಸವನ್ನು ಸೆರಗಿಗೆ ಒರೆಸಿಕೊಂಡಳು.

"ಅವ್ರಿಗೂ ಗೊತ್ತಿತ್ತಾ?"

"ರಾಜೇಶ ನಿಂಗೋಸ್ಕರ್ವೇ ಕದ್ದ," ಎಂದಳು ಬೊಮ್ಮಿ ನೆಲ ನೋಡುತ್ತ. "ಅಕ್ಕಿ ಮೇಲೆ ಬರ್ದ ಕೈ. ಅದು ಕದಿಯೂಕೂ ನಡುಗ್ತದೆ, ಹೇಳೂಕೂ ನಡುಗ್ತದೆ."

ನಾಗಶ್ರೀ ಎದ್ದು ಅಂಗಳಕ್ಕಿಳಿದು ಡಾಕ್ಟರ್ ನೀತಾರಿಗೆ ಫೋನ್ ಮಾಡಿದಳು. "ಇನ್ನೊಬ್ಬ ಸುಮಿತಾ ಸಿಕ್ಕಿದ್ದಾಳೆ. ಮನೆಯ ಮಗಳು. ಮದುವೆಯಾದ ಮೇಲೆ ಹೀರಾ. ಚಿತ್ತಾಕುಲ. ನಾಳಿನ ಆಪರೇಷನ್ ರದ್ದು ಮಾಡಿ."

"ಆಯಿತು, ರದ್ದು. ಆ ಹೆಸರನ್ನು ನಾನು ಇಂದೇ ಮೊದಲು ಕೇಳುತ್ತಿದ್ದೇನೆ. ಆ ಹುಡುಗಿಯನ್ನು ಪರೀಕ್ಷಿಸಬೇಕು, ನಾನೇ ಆಂಬುಲೆನ್ಸ್ ಕಳಿಸುತ್ತೇನೆ. ನೀವು ತೊಂದರೆ ತೆಗೆದುಕೊಳ್ಳಬೇಡಿ."

ಒಬ್ಬಳ ಗರ್ಭಕೋಶ ಉಳಿಯಿತು. ಆದರೆ ಇಷ್ಟು ಹೊತ್ತು ಯಾರದೋ ಆಗಿದ್ದ, ಗಾಜಿನ ಮೇಲಿನ ಆ ಬಿಳಿಚಿದ ಪದರ ಈಗ ಹೆಸರು ಪಡೆದಿತ್ತು. ಐದು ವರ್ಷಗಳಿಂದ ಅದನ್ನು ಯಾರೂ ಕಾದಿರಲಿಲ್ಲ. ನಾಗಶ್ರೀ ಜಗಲಿಗೆ ಮರಳಿದಳು.

"ನಿಮ್ಮ ಮಗಳನ್ನು ಕೂಡಲೇ ಡಾಕ್ಟರಿಗೆ ತೋರಿಸಬೇಕು, ಬೊಮ್ಮಕ್ಕ."

"ಈಗ ಬ್ಯಾಡ!" ಬೊಮ್ಮಿ ಮೊದಲ ಸಲ ಎದ್ದು ನಿಂತಳು. "ಕೈ ಮುಗೀತೆ ತಂಗಿ, ಈಗ ಬ್ಯಾಡ. ಐದು ವರ್ಷ ಬಂಜೆ ಅನ್ನಿಸ್ಕಂಡಿ ಇದ್ದ ಹುಡ್ಗಿ. ಈಗ ದೇವ್ರು 'ಹೂಂ' ಅಂದಾನೆ. ಅವ್ಳಿಗೆ ಆರು ತಿಂಗ್ಳು ತುಂಬ್ತು. ನಾಡಿದ್ದು ಮಡಿಲು ತುಂಬೂದು. ಈ ಹಣ್ಣೆಲ್ಲ ಅಲ್ಲಿಗೇ ಕಳ್ಸೂಕೆ ಇಟ್ಟದ್ದು."

ನಾಗಶ್ರೀ ಹುಲ್ಲಿನ ಮೇಲಿನ ಮಾವಿನ ರಾಶಿಯನ್ನು ನೋಡಿದಳು.

"ಯಾವ ಡಾಕ್ಟರಿಗೆ ತೋರಿಸಿದ್ದಾರೆ?"

"ಡಾಕ್ಟ್ರು ಎಂತಕ್ಕೆ? ಹೊಟ್ಟೆ ಮೇಲಿನ ಗಾಯ ಕಂಡ್ರೆ ಇದೆಂತದು ಅಂತ ಕೇಳ್ತ್ರು, ಅತ್ತೆಯೂ ಪಕ್ಕದಾಗೇ ಇರ್ತದೆ. ಅದ್ಕೇ ಬ್ಯಾಡ ಅಂದೆ. ನಾನೂ ರಾಜೇಶನ್ನ ಮನೇಲೇ ಹೆತ್ತದ್ದು."

"ಸ್ಕ್ಯಾನ್?"

"ಇಲ್ಲ."

"ಮಗು ಹೊಟ್ಟೆಯಲ್ಲಿ ಒದೆಯುತ್ತದೆ ಎಂದಿದ್ದಾಳೆಯೇ?"

ಬೊಮ್ಮಿಯ ಬಾಯಿ ತೆರೆಯಿತು. ಏನೋ ಹೇಳಹೊರಟು, ನೆನಪಿನಲ್ಲಿ ಹುಡುಕಿ, ಸಿಗದೆ, ಹಾಗೆಯೇ ನಿಂತಿತು. ಅವಳ ಮುಖದಲ್ಲಿ ಸಿಟ್ಟು ಅಳಿದು ಬೇರೇನೋ ಮೂಡುವುದನ್ನು ನಾಗಶ್ರೀ ಕಂಡಳು. ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕಾಗುವುದಿಲ್ಲ.

"ಹೊಟ್ಟೆ ದೊಡ್ಡದಾಗದೆ," ಎಂದಳು ಬೊಮ್ಮಿ ಪಿಸುದನಿಯಲ್ಲಿ. "ನಾ ಕೈಯಿಟ್ಟು ನೋಡಿದ್ದೆ. ದೊಡ್ಡದೇ ಅದೆ."

"ಅವಳ ನಂಬರ್ ಕೊಡಿ."

ಬೊಮ್ಮಿ ಕದಲಲಿಲ್ಲ. ಮೊಬೈಲ್ ತಂದು ನಾಗಶ್ರೀಯ ಮುಂದೆ ಹಿಡಿದವಳು ಸುಮಿತಾ. ಅದರಲ್ಲಿ ನಂಬರ್ ಆಗಲೇ ಒತ್ತಿಯಾಗಿತ್ತು, ಕರೆ ಹೋಗುತ್ತಿತ್ತು.

"ಮಾತಾಡಿ ಮೇಡಂ. ಅವ್ಳದ್ದು ಎಂತ ತಪ್ಪದೆ?"

ಅತ್ತ ಕಡೆ ಎತ್ತಿದ ದನಿ ಎಳೆಯದು, ಆದರೆ ದಣಿದದ್ದು. ನಾಗಶ್ರೀ ತಾನು ಯಾರೆಂದು ಹೇಳಿದಳು. ಎಲ್ಲಿಂದ ಮಾತನಾಡುತ್ತಿದ್ದೇನೆ ಎಂದೂ ಹೇಳಿದಳು.

ಹೀರಾ ಗಾಬರಿಯಾಗಲಿಲ್ಲ. ಯಾವುದೋ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿತು, ಆಮೇಲೆ ಪಿಸುಮಾತು.

"ಅವ್ವ ಪಕ್ಕದಾಗೆ ಅದಾ? ಹಂಗಾದ್ರೆ ಸ್ವಲ್ಪ ದೂರ ಹೋಗಿ ಮೇಡಂ."

ನಾಗಶ್ರೀ ಅಂಗಳದ ತುದಿಗೆ ನಡೆದಳು.

"ಹೀರಾ, ನಿಮ್ಮ ಹೊಟ್ಟೆಯಲ್ಲಿರುವುದು..."

"ಮಗು ಅಲ್ಲ. ನಂಗೆ ಗೊತ್ತದೆ."

ಬಾವಿಕಟ್ಟೆಯ ಬಳಿ ಸೋಮ ಜಟ್ಟನಿಗೆ ಏನೋ ಹೇಳಿ ನಗಿಸುತ್ತಿದ್ದ. ನಾಗಶ್ರೀ ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು.

"ಯಾವಾಗಿನಿಂದ ಗೊತ್ತು?"

"ಹೋದ ತಿಂಗ್ಳಿಂದ. ಸಂತೆಗೆ ಅಂತ ಸುಳ್ಳು ಹೇಳಿ ಕಾರವಾರಕ್ಕೆ ಹೋಗಿ ಸ್ಕ್ಯಾನ್ ಮಾಡ್ಸಿದ್ದೆ. ಅವ್ವಂಗೂ ಹೇಳಿಲ್ಲ. ಮಡಿಲು ತುಂಬೂದೊಂದು ಮುಗೀಲಿ, ಒಂದು ಸಲ ಆದ್ರೂ ಎಲ್ರ ಹಂಗೆ ಕೂತ್ಕಂತೆ ಅಂತ..." ಅವಳು ಆ ಮಾತು ಮುಗಿಸದೆ ಮುಂದಕ್ಕೆ ಹೋದಳು. "ಡಾಕ್ಟ್ರೂ ಯಾರಿಗೂ ಹೇಳ್ಬೇಡ ಅಂದ್ರು. ಮೊದ್ಲಿನ ಆಪರೇಷನ್ ಎಲ್ಲಿ ಆಯ್ತು, ಅವಾಗ ನಿನ್ನ ಹೆಸ್ರು ಎಂತ, ಎಲ್ಲ ಕೇಳಿ ತಿಳ್ಕಂಡ್ರು. ಹಳೇದನ್ನೆಲ್ಲ ನಾನೇ ನೋಡ್ಕಂತೆ, ಕರ್ದಾಗ ಬಾ ಅಂದ್ರು."

"ಯಾವ ಡಾಕ್ಟರು?"

"ನೀತಾ ಡಾಕ್ಟ್ರು."

ಆ ಹೆಸರನ್ನು ಇಂದೇ ಮೊದಲು ಕೇಳುತ್ತಿದ್ದೇನೆ ಎಂದವರಿಗೆ ತಿಂಗಳ ಹಿಂದೆಯೇ ಅದು ಗೊತ್ತಿತ್ತು, ಆ ತುಣುಕು ಯಾರದೆಂದು ಗೊತ್ತಿದ್ದೂ ಸುಮಿತಾಳನ್ನು ಕೊಯ್ಯಲು ಹೊರಟಿದ್ದರು. ಜೀಪಿನತ್ತ ಓಡುತ್ತಲೇ ಸೋಮನಿಗೆ ಕೈಬೀಸಿದಳು. "ಹೀರಾ, ಗಮನವಿಟ್ಟು ಕೇಳಿ. ನಾನು ಬರುವವರೆಗೆ ಮನೆಯಿಂದ ಹೊರಗೆ ಕಾಲಿಡಬೇಡಿ. ಯಾರು ಕರೆದರೂ ಹೋಗಬೇಡಿ."

"ಯಾಕೆ ಮೇಡಂ? ಆಂಬುಲೆನ್ಸ್ ಆಗ್ಲೇ ಅಂಗಳದಾಗೆ ನಿಂತದೆ. ಅತ್ತೆ ಬಾಗ್ಲು ತೆಗ್ದರು," ಎಂದಳು ಹೀರಾ. "ಡಾಕ್ಟ್ರೇ ಇಳ್ದು ಬರ್ತಾ ಇದ್ದಾರೆ."